ಜೋಧಪುರದ ಮರ, ಮೆಲ್ಬರ್ನ್‌ನ ಹೀಟರ್

ಯಾವ ಮೇಜು ನೋಡಿದರೂ ನಾನು ಮೊದಲು ಬಗ್ಗಿ ಅದರ ಅಡಿಭಾಗ ನೋಡುತ್ತೇನೆ. ಕೆತ್ತನೆ, ಪಾಲಿಶ್, ಬಣ್ಣ ಎಲ್ಲ ಆಮೇಲೆ. ಮೆಲ್ಬರ್ನ್‌ನಲ್ಲಿದ್ದುಕೊಂಡು ರಾಜಸ್ಥಾನದಿಂದ ಫರ್ನಿಚರ್, ಚನ್ನಪಟ್ಟಣದಿಂದ ಒಂದಿಷ್ಟು ಅರಗಿನ ಸಾಮಾನು ತರಿಸಿ ಮಾರುವ ಸಣ್ಣ ವ್ಯಾಪಾರ ನನ್ನದು. ಊರಿಗೆ ಹೋದಾಗ ನೆಂಟರು, "ಒಳ್ಳೇ ಕೆಲಸ ಬಿಡಮ್ಮ. ಚೆಂದದ್ದು ಆರಿಸೋದು, ಹಡಗಿಗೆ ಹಾಕಿಸೋದು, ಅಲ್ಲಿ ಡಾಲರಿಗೆ ಮಾರೋದು" ಅನ್ನುತ್ತಾರೆ. ಆರಿಸುವುದು ವರ್ಷಕ್ಕೆ ಕೆಲವೇ ದಿನದ ಕೆಲಸ. ಉಳಿದದ್ದೆಲ್ಲ ಮರದೊಳಗಿನ ನೀರು, ಮರದೊಳಗಿನ ಹುಳು, ಮತ್ತು ಕಾಗದ. ಈ ಮೂರರ ಹಣೆಬರಹವೂ ಕಂಟೇನರ್ ಬಾಗಿಲು ಮುಚ್ಚುವ ಮೊದಲೇ ಬರೆದಾಗಿರುತ್ತದೆ. ಬಾಗಿಲಿಗೆ ಸೀಲ್ ಬಿದ್ದ ಮೇಲೆ ನಮಗೆ ಉಳಿಯುವ ಕೆಲಸ ದುಡ್ಡು ಕಟ್ಟುವುದೊಂದೇ.

ಶುರುವಿನಲ್ಲಿ ನನಗೆ ಶೀಶಮ್ ಮೇಲೆ ಕಣ್ಣಿತ್ತು. ಅದು ನಮ್ಮ ಬೀಟೆ ಮರದ ಬಳಗವೇ. ಎರಡೂ ಡಾಲ್ಬರ್ಜಿಯಾ ಕುಲದವು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನೋಡಿ ಬೆಳೆದವರಿಗೆ ಆ ಕಪ್ಪುಗಂದು ಬಣ್ಣ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಆದರೆ 2017ರ ಜನವರಿಯಿಂದ ಹೆಚ್ಚುಕಮ್ಮಿ ಆ ಇಡೀ ಕುಲ ಸೈಟೀಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಅಪಾಯದಲ್ಲಿರುವ ಗಿಡ, ಪ್ರಾಣಿಗಳನ್ನು ದೇಶದಿಂದ ದೇಶಕ್ಕೆ ಮಾರುವುದಕ್ಕೆ ಲಗಾಮು ಹಾಕುವ ಒಪ್ಪಂದ ಅದು. "ಉತ್ತರದ ರೈತರು ಹೊಲದ ಬದುವಿನಲ್ಲಿ ಬೆಳೆಸುವ ಮರಕ್ಕೆ ಇದೆಲ್ಲ ಯಾಕೆ?" ಅಂತ ಜೋಧಪುರದವರು ಈಗಲೂ ಗೊಣಗುತ್ತಾರೆ. ಅವರ ಮಾತು ಸುಳ್ಳೇನಲ್ಲ. 2022ರಲ್ಲಿ ಪನಾಮಾದಲ್ಲಿ ನಡೆದ ಸಭೆಯಲ್ಲಿ ಭಾರತ ಪಟ್ಟು ಹಿಡಿದು ಒಂದು ಸಡಿಲಿಕೆ ಪಡೆಯಿತು. ಒಂದೊಂದು ವಸ್ತುವಿನಲ್ಲಿ ಈ ಮರ 10 ಕೆಜಿ ಮೀರದಿದ್ದರೆ ಪರ್ಮಿಟ್ ಬೇಡ. ಟ್ರೇ, ಫೋಟೋ ಫ್ರೇಮ್, ಪುಟ್ಟ ಸ್ಟೂಲಿಗೆ ಅಷ್ಟು ಸಾಕು. ಆರು ಜನ ಕೂತು ಊಟ ಮಾಡುವ ಮೇಜು 10 ಕೆಜಿ ಒಳಗೆ ಬರುತ್ತದಾ?

ಹಾಗಾಗಿ ದೊಡ್ಡ ಸಾಮಾನೆಲ್ಲ ಮಾವಿನ ಮರದ್ದು. ಫಸಲು ನಿಂತ ಹಳೇ ಮರಗಳನ್ನು ಕಡಿದು ಹಲಗೆ ಮಾಡುತ್ತಾರೆ. ಬೆಲೆ ಕಮ್ಮಿ. ಗೆರೆ ಚೆಂದ. ಯಾವ ಬಣ್ಣ ಹಚ್ಚಿದರೂ ಹಿಡಿದುಕೊಳ್ಳುತ್ತದೆ. ಕೆಟ್ಟ ಗುಣ ಒಂದೇ: ಹುಳುವಿಗೂ ಅದು ಬಹಳ ಇಷ್ಟ.

ಜೋಧಪುರದ ಬೋರಾನಾಡಾ, ಬಾಸನಿ ಕಡೆ ಹೋದರೆ ಗಲ್ಲಿ ಗಲ್ಲಿಗೂ ಫರ್ನಿಚರ್ ಕಾರ್ಖಾನೆ. ಮುಂದುಗಡೆ ಶೋರೂಮಿನಲ್ಲಿ ಎಸಿ, ಚಹಾ, ಕ್ಯಾಟಲಾಗ್. ನಮಗೆ ಬೇಕಾದ್ದು ಹಿಂದಿನ ಅಂಗಳ. ಜೋಧಪುರದ ಸುತ್ತ ಮಾವಿನ ತೋಪು ಎಲ್ಲಿಂದ ಬರಬೇಕು? ಹೊರ ರಾಜ್ಯಗಳಿಂದ ಲಾರಿಯಲ್ಲಿ ಹಸಿ ಹಲಗೆ ಬರುತ್ತದೆ. ಅದನ್ನು ದೊಡ್ಡ ಕಬ್ಬಿಣದ ಸಿಲಿಂಡರಿಗೆ ತಳ್ಳಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕಲಸಿದ ನೀರನ್ನು ಒತ್ತಡ ಹಾಕಿ ಒಳಗೆ ಇಳಿಸುತ್ತಾರೆ. ಇದು ಹುಳುವಿಗೆ ಮದ್ದು. ಆಮೇಲೆ ಕಿಲ್ನ್ ಅನ್ನುವ ಬಿಸಿ ಕೋಣೆಯಲ್ಲಿಟ್ಟು ಒಣಗಿಸುತ್ತಾರೆ. ಇದು ನೀರಿಗೆ. ಎರಡಕ್ಕೂ ಸಮಯ ಬೇಕು, ಸಮಯಕ್ಕೆ ದುಡ್ಡು ಬೇಕು. ಆರ್ಡರ್ ಜಾಸ್ತಿ ಇರುವ ತಿಂಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ಎರಡು ಕೆಲಸಕ್ಕೇ.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಮಾಯಿಶ್ಚರ್ ಮೀಟರ್ ಇರುತ್ತದೆ. ಎರಡು ಸೂಜಿ ಇರುವ ಸಣ್ಣ ಯಂತ್ರ. ಸೂಜಿ ಚುಚ್ಚಿದರೆ ಮರದಲ್ಲಿ ನೀರಿನಂಶ ಶೇಕಡಾ ಎಷ್ಟು ಅಂತ ತೋರಿಸುತ್ತದೆ. ನಾನು ಕೇಳುವುದು 8ರಿಂದ 12ರ ಒಳಗೆ. ಮೇಜಿನ ಮೇಲ್ಹಲಗೆಗೆ ಚುಚ್ಚಿದರೆ ಸಾಮಾನ್ಯವಾಗಿ 10 ಬರುತ್ತದೆ. "ಪೂರಾ ಸೂಖಾ ಹೈ, ಬಾಯಿಸಾ" ಅಂತ ಮೇಸ್ತ್ರಿ ನಗುತ್ತಾರೆ. ಮೇಲ್ಹಲಗೆ ತೆಳು, ಅದು ಒಣಗದೆ ಏನು ಮಾಡೀತು? ನಾನು ಕೆಳಗೆ ಕೂತು ಕಾಲಿಗೆ ಚುಚ್ಚುತ್ತೇನೆ. ದಪ್ಪ ಕಾಲು ಒಂದೇ ತುಂಡಿನದಾದರೆ ಹೊರಗೆ ಒಣಗಿ ಒಳಗೆ ಹಸಿ ಇರುತ್ತದೆ. ಅದಕ್ಕೇ ಪಾಲಿಶ್ ಆಗುವ ಮೊದಲು, ಕಾಲಿನ ತುದಿ ಕತ್ತರಿಸಿದ ಹಸಿ ಗಾಯದಲ್ಲೇ ಚುಚ್ಚಿ ನೋಡಬೇಕು. ಅಲ್ಲಿ 17, 18 ಬಂದರೆ ಮೇಸ್ತ್ರಿಯ ನಗು ನಿಲ್ಲುತ್ತದೆ. "ನಾಲ್ಕು ದಿನ ಬಿಸಿಲಿಗಿಡ್ತೀವಿ" ಅನ್ನುತ್ತಾರೆ. ಬಿಸಿಲಲ್ಲಿ ಒಣಗಿಸಿದರೆ ಸೀಳು ಬಿಡುತ್ತದೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ವಾಪಸ್ ಕಿಲ್ನಿಗೇ ಹೋಗಬೇಕು. ಇಲ್ಲಾಂದ್ರೆ ದಪ್ಪ ಕಾಲನ್ನು ತೆಳು ಹಲಗೆಗಳನ್ನು ಅಂಟಿಸಿ ಮಾಡಬೇಕು. ಅಂಟಿಸಿದ ಕಾಲು ಅಂದರೆ ಕಳಪೆ ಅಂತ ಗಿರಾಕಿಗಳ ನಂಬಿಕೆ. ನಿಜ ಅಂದರೆ ಅದೇ ಗಟ್ಟಿ, ಅದೇ ನೆಟ್ಟಗಿರುತ್ತದೆ.

ಇಷ್ಟೆಲ್ಲ ರಗಳೆ ಯಾಕೆ ಅಂದರೆ ಮೆಲ್ಬರ್ನ್‌ನ ಮನೆಗಳು. ಇಲ್ಲಿ ಎಷ್ಟೋ ಮನೆಗಳಲ್ಲಿ ಡಕ್ಟೆಡ್ ಹೀಟಿಂಗ್. ನೆಲದಲ್ಲೇ ಜಾಲರಿ, ಅದರಿಂದ ಬಿಸಿಗಾಳಿ. ಜೂನ್, ಜುಲೈನಲ್ಲಿ ಸಂಜೆ ಹಚ್ಚಿದರೆ ಬೆಳಗಿನವರೆಗೂ ಉರಿಯುತ್ತಿರುತ್ತದೆ. ಮನೆಯೊಳಗಿನ ಗಾಳಿ ಒಣಗಿ ತುಟಿ ಒಡೆಯುತ್ತದೆ. ತುಟಿಯೇ ಒಡೆಯುವ ಕಡೆ ಮೇಜು ಒಡೆಯಲ್ವಾ? ಒಬ್ಬ ಗಿರಾಕಿ ಫೋನ್ ಮಾಡಿ, ಮಧ್ಯರಾತ್ರಿ ಊಟದ ಮನೆಯಿಂದ ಪಟಾಕಿ ಹೊಡೆದಂಥ ಸದ್ದು ಬಂತು, ಬೆಳಗ್ಗೆ ನೋಡಿದರೆ ಮೇಜಿನ ಮೇಲೆ ಉದ್ದಕ್ಕೆ ಸೀಳು ಅಂದರು. ಹೋಗಿ ನೋಡಿದೆ. ಮೇಜು ಸರಿಯಾಗಿ ಜಾಲರಿಯ ಮೇಲೇ ನಿಂತಿತ್ತು. ತಪ್ಪು ಅವರದ್ದು ಅಂತ ವಾದ ಮಾಡಬಹುದಿತ್ತು. ಆದರೆ ಅಡಿ ಬಗ್ಗಿ ನೋಡಿದರೆ ಮೇಲ್ಹಲಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆದು ಕೂರಿಸಿದ್ದರು. ಮರಕ್ಕೆ ಅಗಲಕ್ಕೆ ಕುಗ್ಗಲು ಜಾಗವೇ ಇಲ್ಲ. ಸ್ಕ್ರೂ ಕೂರುವ ತೂತು ಗುಂಡಗಿರದೆ ಉದ್ದಕ್ಕಿದ್ದರೆ ಹಲಗೆ ಒಂದೆರಡು ಮಿಲಿಮೀಟರ್ ಸರಿದುಕೊಳ್ಳುತ್ತದೆ, ಸೀಳುವುದಿಲ್ಲ. ಮಲೆನಾಡಿನ ಆಚಾರಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗುವ ಬಾಗಿಲನ್ನು ಅವರು ದಿನಾ ನೋಡುತ್ತಾರೆ. ಈಗ ನನ್ನ ಪ್ರತಿ ಆರ್ಡರ್ ಜೊತೆ ಆ ಉದ್ದ ತೂತಿನ ಚಿತ್ರ ಒಂದು ಹೋಗುತ್ತದೆ.

ಆ ಮೇಜಿಗೆ ದುಡ್ಡು ವಾಪಸ್ ಕೊಟ್ಟೆ. ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನಲ್ಲಿ "ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ" ಅಂತ ಬೋರ್ಡು ಹಾಕುವುದೇ ತಪ್ಪು. ಮಾಲಿನಲ್ಲಿ ದೊಡ್ಡ ದೋಷ ಇದ್ದರೆ ದುಡ್ಡು ಬೇಕೋ, ಬೇರೆ ಮಾಲು ಬೇಕೋ ಅನ್ನುವುದು ಗಿರಾಕಿಯ ಇಷ್ಟ. ನಮ್ಮ ಬಳೇಪೇಟೆ, ಚಿಕ್ಕಪೇಟೆಯ ಅಂಗಡಿಯವರಿಗೆ ಇದನ್ನು ಹೇಳಿದರೆ ಬೆಚ್ಚಿ ಬೀಳುತ್ತಾರೆ.

ಇನ್ನು ಹುಳುವಿನ ಕಥೆ. ಆಸ್ಟ್ರೇಲಿಯಾ ಸುತ್ತ ಸಮುದ್ರ ಇರುವ ದೇಶ. ಹೊರಗಿನ ಕೀಟ, ರೋಗ ಒಳಗೆ ಬಾರದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ಮರದ ಸಾಮಾನಿನಲ್ಲಿ ತೊಗಟೆ ಇರುವಂತಿಲ್ಲ. ಅಂಚಿನಲ್ಲಿ ತೊಗಟೆ ಉಳಿಸಿದ ಮೇಜು ಫೋಟೋದಲ್ಲಿ ಎಷ್ಟೇ ಚೆಂದ ಕಂಡರೂ ಇಲ್ಲಿಗೆ ಆಗುವುದಿಲ್ಲ. ಪ್ಯಾಕಿಂಗಿಗೆ ಹುಲ್ಲು ತುರುಕುವಂತಿಲ್ಲ. ಕೆಳಗಿನ ಪ್ಯಾಲೆಟ್ ಹಲಗೆಗೂ ಗೋಧಿ ತೆನೆ ಗುರುತಿನ ಮುದ್ರೆ ಬೇಕು. ಅಂದರೆ ಆ ಹಲಗೆಯನ್ನು ತಿರುಳಿನವರೆಗೂ 56 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ್ದಾರೆ, ಇಲ್ಲವೇ ಹೊಗೆ ಹಾಕಿದ್ದಾರೆ ಅಂತ ಲೆಕ್ಕ. ಮಾಲಿಗೆ ಮೀಥೈಲ್ ಬ್ರೋಮೈಡ್ ಫ್ಯೂಮಿಗೇಶನ್, ಅಂದರೆ ಹುಳು ಸಾಯಲಿ ಅಂತ ವಿಷದ ಗ್ಯಾಸ್ ಬಿಡುವುದು. ಘನ ಮೀಟರಿಗೆ 48 ಗ್ರಾಂ, 24 ಗಂಟೆ, 21 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಉಷ್ಣಾಂಶ. ಚಳಿ ಜಾಸ್ತಿಯಾದಷ್ಟೂ ಡೋಸ್ ಏರುತ್ತದೆ. 10 ಡಿಗ್ರಿಗಿಂತ ಕೆಳಗೆ ಹೋದರೆ ಮಾಡುವಂತೆಯೇ ಇಲ್ಲ. ಜೋಧಪುರದ ಜನವರಿ ರಾತ್ರಿಗಳು ಆ ಗೆರೆಯ ಹತ್ತಿರ ಹತ್ತಿರ ಬರುತ್ತವೆ. ಅದಕ್ಕೇ ನಾನು ಜನವರಿಯಲ್ಲಿ ಲೋಡ್ ಮಾಡಿಸುವುದಿಲ್ಲ. ಓಝೋನ್ ಪದರಕ್ಕೆ ಹಾನಿ ಅಂತ ಲೋಕವೆಲ್ಲ ಕೈಬಿಟ್ಟ ಗ್ಯಾಸ್ ಇದು. ಕ್ವಾರಂಟೈನ್ ಕೆಲಸಕ್ಕೆ ಮಾತ್ರ ಮಾಂಟ್ರಿಯಲ್ ಒಪ್ಪಂದದಲ್ಲಿ ವಿನಾಯಿತಿ ಇದೆ. ಕೈಯಿಂದ ಮಾಡಿದ ಮರದ ವಸ್ತು ಪರಿಸರಸ್ನೇಹಿ ಅಂತ ನಾವು ಬೋರ್ಡು ಹಾಕುವಾಗ ಈ ಗ್ಯಾಸಿನ ಹೆಸರು ಯಾರೂ ಎತ್ತುವುದಿಲ್ಲ. ನಾನು ಆ ಬೋರ್ಡು ಹಾಕಿಲ್ಲ.

ಒಂದು ಕಂಟೇನರ್‌ನಲ್ಲಿ ಸರ್ಟಿಫಿಕೇಟ್ ಎಲ್ಲ ನೆಟ್ಟಗಿತ್ತು. ಮಾಲು ಮೆಲ್ಬರ್ನ್ ಬಂದರಿಗೆ ಬಂತು, ತಪಾಸಣೆಯ ಶೆಡ್ಡಿಗೆ ಹೋಯಿತು. ಕಸ್ಟಮ್ಸ್ ಬ್ರೋಕರ್ ಫೋನ್ ಮಾಡಿ, "ಬರೋಕಾಗುತ್ತಾ? ಅಧಿಕಾರಿಗೆ ಏನೋ ಸಿಕ್ಕಿದೆ" ಅಂದರು. ಹೋದಾಗ ಬಯೋಸೆಕ್ಯುರಿಟಿ ಅಧಿಕಾರಿ ಒಂದು ಸೈಡ್‌ಬೋರ್ಡಿನ ಕೆಳಗೆ ಟಾರ್ಚ್ ಬಿಟ್ಟುಕೊಂಡು ಮಂಡಿಯೂರಿ ಕೂತಿದ್ದರು. ನೆಲದ ಮೇಲೆ ಹಾಸಿದ ಕಪ್ಪು ಹಾಳೆಯಲ್ಲಿ ಜರಡಿ ಹಿಡಿದ ಮೈದಾದಷ್ಟು ನುಣ್ಣನೆ ಪುಡಿ, ಉಗುರಿನಲ್ಲಿ ಎತ್ತುವಷ್ಟು. ಮೇಲೆ ನೋಡಿದರೆ ಹಿಂಬದಿಯ ಹಲಗೆಯಲ್ಲಿ ಗುಂಡುಸೂಜಿಯ ತಲೆಯಷ್ಟು ತೂತು. ಕುಟ್ಟೆ ಹುಳು. ನನಗೆ ನೋಡಿದ ಕೂಡಲೇ ಗೊತ್ತಾಯಿತು. ನಮ್ಮಜ್ಜಿ ಮನೆಯ ಅಟ್ಟದ ಜಂತೆಯಿಂದ ಇದೇ ಪುಡಿ ಹಾಸಿಗೆ ಮೇಲೆ ಉದುರುತ್ತಿತ್ತು. ಅಜ್ಜ ಹಳೇ ಬಟ್ಟೆಗೆ ಸೀಮೆಎಣ್ಣೆ ಅದ್ದಿ ಒರೆಸಿ ಸುಮ್ನಾಗುತ್ತಿದ್ದರು. ಇಲ್ಲಿ ಅದು ನಡೆಯುತ್ತಾ?

ಬರೀ ಪುಡಿ ಇದ್ದಿದ್ದರೆ ಹಳೇ ತೂತಿನಿಂದ ಹಡಗಿನ ಅಲುಗಾಟಕ್ಕೆ ಉದುರಿದ್ದು ಅಂತ ವಾದಿಸಬಹುದಿತ್ತು. ಆದರೆ ಅಧಿಕಾರಿ ಇನ್ನೊಂದು ಡ್ರಾಯರ್ ಎಳೆದಾಗ ಕಂದು ಬಣ್ಣದ, ಅಕ್ಕಿಕಾಳಿಗಿಂತ ಚಿಕ್ಕ ಹುಳ ಒಂದು ನಡೆದುಕೊಂಡು ಹೊರಟಿತ್ತು. ಅಲ್ಲಿಗೆ ಮಾತು ಮುಗಿಯಿತು. ಮುಂದೆ ಮೂರು ದಾರಿ: ಇಲ್ಲೇ ಮತ್ತೆ ಫ್ಯೂಮಿಗೇಶನ್, ಮಾಲು ವಾಪಸ್, ಅಥವಾ ನಾಶ. ಖರ್ಚು ಯಾವುದಾದರೂ ನಮ್ಮದೇ. ಇಲ್ಲೇ ಮಾಡಿಸಿದೆ. ಫ್ಯೂಮಿಗೇಶನ್ನಿನ ಬಿಲ್ಲಿಗಿಂತ, ಕಂಟೇನರ್ ಖಾಲಿ ಮಾಡಿ ವಾಪಸ್ ಕೊಡುವುದು ತಡವಾಗಿದ್ದಕ್ಕೆ ದಿನದ ಲೆಕ್ಕದಲ್ಲಿ ಬಿದ್ದ ಬಾಡಿಗೆಯೇ ಜಾಸ್ತಿ ಉರಿಸಿತು.

ಹುಳು ಬದುಕಿದ್ದು ಹೇಗೆ ಅಂತ ಹಿಂದೆ ಹೋಗಿ ನೋಡಿದಾಗ ಕಾರಣ ಬಹಳ ಸಣ್ಣದು. ಕಾರ್ಖಾನೆಯವರು ಧೂಳು ಕೂರದಿರಲಿ ಅಂತ ಒಂದೊಂದು ಪೀಸನ್ನೂ ಮೊದಲೇ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದರು. ಆಮೇಲೆ ಗ್ಯಾಸ್ ಬಿಟ್ಟರು. ಗ್ಯಾಸು ಪ್ಲಾಸ್ಟಿಕ್ ಮೇಲೆ ಓಡಾಡಿ ಹೋಯಿತು, ಮರಕ್ಕೆ ಮುಟ್ಟಲೇ ಇಲ್ಲ. ಈಗ ನನ್ನ ಕರಾರಿನಲ್ಲಿ ಇದು ದಪ್ಪ ಅಕ್ಷರದಲ್ಲಿದೆ: ಮೊದಲು ಗ್ಯಾಸು, ಆಮೇಲೆ ಸುತ್ತುವುದು. ಸುತ್ತುವ ಮೊದಲು ಪ್ರತಿ ಪೀಸಿನ ಹಿಂಬದಿ, ಅಡಿಭಾಗದ ಫೋಟೋ ನನ್ನ ವಾಟ್ಸಾಪಿಗೆ. ಕೊನೆಯ ಕಂತಿನ ದುಡ್ಡು ಆ ಫೋಟೋ ನೋಡಿದ ಮೇಲೆ. ಫ್ಯೂಮಿಗೇಶನ್ ಆದ 21 ದಿನದೊಳಗೆ ಮಾಲು ಭಾರತ ಬಿಡಬೇಕು ಅನ್ನುವ ನಿಯಮವೂ ಇದೆ. ಹಾಗಾಗಿ ಎಲ್ಲ ಸಿದ್ಧವಾಗಿ, ಹಡಗಿನ ದಿನ ಖಾತ್ರಿಯಾದ ಮೇಲೇ ಗ್ಯಾಸಿನವರನ್ನು ಕರೆಸಬೇಕು. ಆತುರಪಟ್ಟು ಮೊದಲೇ ಮಾಡಿಸಿದರೆ ಗುಜರಾತಿನ ಮುಂದ್ರಾ ಬಂದರಿನಲ್ಲಿ ಹಡಗು ತಡವಾದಾಗ ಇನ್ನೊಮ್ಮೆ ಮಾಡಿಸಬೇಕಾಗುತ್ತದೆ.

ಲೋಡಿಂಗ್ ದಿನ ಸಾಧ್ಯವಾದರೆ ನಾನೇ ನಿಂತಿರುತ್ತೇನೆ. ಜೋಧಪುರದ ಲೋಡಿಂಗ್ ಹುಡುಗರ ಕೈಚಳಕ ನೋಡುವುದೇ ಒಂದು ಸೊಗಸು. ಕಪಾಟಿನ ಹೊಟ್ಟೆಯೊಳಗೆ ಸ್ಟೂಲು, ಸ್ಟೂಲಿನ ಕಾಲುಗಳ ಸಂದಿಯಲ್ಲಿ ಕನ್ನಡಿ ಚೌಕಟ್ಟು, ಡ್ರಾಯರಿನೊಳಗೆ ಹಿತ್ತಾಳೆ ದೀಪ. ಅವರಿಗೆ ಟೇಪು ಬೇಡ, ಕಣ್ಣಳತೆ ಸಾಕು. 20 ಅಡಿ ಕಂಟೇನರ್ ಕಾಗದದ ಮೇಲೆ 33 ಘನ ಮೀಟರ್, ಫರ್ನಿಚರ್ ತುಂಬುವಾಗ ಸಿಗುವುದು 28ರ ಆಸುಪಾಸು. ಫರ್ನಿಚರಿನಲ್ಲಿ ತೂಕಕ್ಕಿಂತ ಮೊದಲು ಮುಗಿಯುವುದು ಜಾಗ. ಕಾಲು ಬಿಚ್ಚಿಡುವ ಮೇಜಿಗೂ ಕಾಲು ನೆಟ್ಟ ಮೇಜಿಗೂ ಸಾಗಾಣಿಕೆ ಖರ್ಚಿನಲ್ಲಿ ಎಷ್ಟು ವ್ಯತ್ಯಾಸ ಅಂದರೆ, ಕಾಲು ಬಿಚ್ಚಲಾಗದ ಮೇಜನ್ನು ಈಗ ನಾನು ನೋಡುವುದೂ ಇಲ್ಲ. 2021ರಲ್ಲಿ ಹಡಗಿನ ಬಾಡಿಗೆ ಹಲವು ಪಟ್ಟು ಏರಿದಾಗ ಈ ಲೆಕ್ಕ ಸರಿ ಇಲ್ಲದ ಎಷ್ಟೋ ಸಣ್ಣ ವ್ಯಾಪಾರಗಳು ಬಾಗಿಲು ಹಾಕಿದವು. ಕೊನೆಗೆ ಒಳಗೋಡೆಗೆ ತೇವ ಹೀರುವ ಚೀಲಗಳನ್ನು ಸಾಲಾಗಿ ನೇತುಹಾಕಿಸುತ್ತೇನೆ. ಹಡಗು ಬಿಸಿ ಸಮುದ್ರ ದಾಟಿ ತಂಪಿಗೆ ಬರುವಾಗ ಕಂಟೇನರಿನ ತಗಡು ಚಾವಣಿ ಬೆವರಿ, ಮಾಲಿನ ಮೇಲೆ ತೊಟ್ಟಿಕ್ಕುತ್ತದೆ. ಹತ್ತಿ ಕುಶನ್ನಿಗೆ ಬೂಷ್ಟು ಹಿಡಿದರೆ ಆ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ.

ತೆರಿಗೆ ವಿಷಯ ಚಿಕ್ಕದು. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಂದು ಜಾರಿಗೆ ಬಂತು. ಅದಕ್ಕೆ ಮೊದಲು ಫರ್ನಿಚರಿಗೆ 5% ಸುಂಕ ಇತ್ತು, ಈಗ ಸೊನ್ನೆ. ಆದರೆ ಮಾಲು ಭಾರತದಲ್ಲೇ ತಯಾರಾದದ್ದು ಅನ್ನುವ ಸರ್ಟಿಫಿಕೇಟ್ ಇರಬೇಕು, ಅದರಲ್ಲಿನ ವಿವರ ಇನ್‌ವಾಯ್ಸಿಗೆ ತಾಳೆಯಾಗಬೇಕು. ಜಿಎಸ್‌ಟಿ 10% ಇದ್ದೇ ಇದೆ. ಅದನ್ನು ಬರೀ ಮಾಲಿನ ಬೆಲೆ ಮೇಲಲ್ಲ, ಹಡಗಿನ ಬಾಡಿಗೆ ಮತ್ತು ವಿಮೆಯನ್ನೂ ಸೇರಿಸಿ ಹಾಕುತ್ತಾರೆ. ಮಾರಿದಾಗ ಹೊಂದಿಸಿಕೊಳ್ಳಬಹುದು, ಆದರೆ ಮಾಲು ಮಾರಾಟವಾಗುವ ತನಕ ಕೈಯಿಂದ ಹೋದ ದುಡ್ಡು ಹೋದದ್ದೇ.

ಹಳೇ ಸಾಮಾನು ಕೇಳುವವರೂ ಬಹಳ. ಹವೇಲಿಯ ಬಾಗಿಲು ಬೇಕು, ನಮ್ಮವರಾದರೆ ತೊಟ್ಟಿ ಮನೆಯ ಕಂಬ ಬೇಕು. ಭಾರತದಲ್ಲಿ 1972ರ ಪ್ರಾಚೀನ ವಸ್ತುಗಳ ಕಾನೂನಿನ ಪ್ರಕಾರ, ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅನುಮಾನ ಬರುವಂಥ ವಸ್ತುವಾದರೆ ಇದು ಪ್ರಾಚೀನ ಅಲ್ಲ ಅಂತ ಪುರಾತತ್ವ ಇಲಾಖೆಯಿಂದ ಸರ್ಟಿಫಿಕೇಟ್ ತರಬೇಕು. ಅಂದರೆ "ನೂರೈವತ್ತು ವರ್ಷ ಹಳೇದು" ಅಂತ ಹೊರದೇಶದ ಅಂಗಡಿಯಲ್ಲಿ ಹೇಳಿ ಮಾರುವ ಬಾಗಿಲು ಒಂದೋ ಸುಳ್ಳು, ಇಲ್ಲಾ ಹೊರಗೆ ಬಂದ ದಾರಿ ಕೇಳುವಂಥದ್ದಲ್ಲ. ನಾನು ಹೊಸ ಬಾಗಿಲನ್ನು ಹೊಸದು ಅಂತಲೇ ಮಾರುತ್ತೇನೆ. ಕಮ್ಮಿ ಬೆಲೆಗೆ ಹೋಗುತ್ತದೆ, ಹೋಗಲಿ.

2025ರ ಮೇ 4ರಿಂದ ಇನ್ನೊಂದು ನಿಯಮ ಸೇರಿದೆ. 686 ಮಿಲಿಮೀಟರ್ ಅಥವಾ ಅದಕ್ಕಿಂತ ಎತ್ತರದ ಕಪಾಟು, ಪುಸ್ತಕದ ರ‍್ಯಾಕು, ಡ್ರಾಯರ್ ಪೆಟ್ಟಿಗೆಗಳ ಮೇಲೆ, ಎತ್ತರ ಎಷ್ಟೇ ಇರಲಿ ಟಿವಿ ಸ್ಟ್ಯಾಂಡುಗಳ ಮೇಲೆ, ಮಗುಚಿ ಬೀಳುವ ಅಪಾಯದ ಎಚ್ಚರಿಕೆ ಪಟ್ಟಿ ಅಂಟಿಸಬೇಕು. ಗೋಡೆಗೆ ಬಿಗಿಯುವುದು ಹೇಗೆ ಅಂತ ತಿಳಿಸಬೇಕು. ಮಕ್ಕಳು ಡ್ರಾಯರನ್ನು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾರೆ, ಕಪಾಟು ಮೈಮೇಲೆ ಬೀಳುತ್ತದೆ. ಕಿರಿಕಿರಿ ಅನಿಸದ ಕೆಲವೇ ನಿಯಮಗಳಲ್ಲಿ ಇದೂ ಒಂದು.

ಚನ್ನಪಟ್ಟಣದ್ದು ಪೂರ್ತಿ ಬೇರೆ ಲೆಕ್ಕ. ಅಲ್ಲಿ ನನ್ನ ಸಾಮಾನು ಮಾಡುವ ಭಾಯ್ ಅವರ ಮನೆಯ ಮುಂಭಾಗದಲ್ಲೇ ಲೇತ್. ಆಲೆ ಮರದ ತುಂಡು ಗಿರಗಿರ ತಿರುಗುವಾಗ ಅದಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ಒಣಗಿದ ಕೇದಗೆ ಗರಿ ಹಿಡಿದು ಉಜ್ಜಿದರೆ ಹೊಳಪು. ನಾನು ಮೊದಲು ಆಟಿಕೆ ತರಿಸೋಣ ಅಂದುಕೊಂಡಿದ್ದೆ. ಇಲ್ಲಿ ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಕಡ್ಡಾಯ ಸುರಕ್ಷತಾ ನಿಯಮ ಇದೆ. ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ತುಂಡು ಕಳಚಿ ಬರಬಾರದು. ಒಂದೊಂದು ನಮೂನೆಗೂ ಪರೀಕ್ಷೆ ಮಾಡಿಸುವ ಖರ್ಚು ನನ್ನಂಥವರಿಗೆ ಗಿಟ್ಟುವುದಿಲ್ಲ. ಹಾಗಾಗಿ ಅದೇ ಕೈ, ಅದೇ ಅರಗು, ಆದರೆ ಬೇರೆ ವಸ್ತು: ಡ್ರಾಯರಿನ ಗುಬುಟು, ಕರ್ಟನ್ ಕಂಬಿಯ ತುದಿ, ಟೇಬಲ್ ಲ್ಯಾಂಪಿನ ಕಂಬ.

"ಗುಬುಟಾ? ಬರೀ ಗುಬುಟು ಯಾರು ತಗೋತಾರೆ ಅಕ್ಕಾ?" ಅಂತ ಭಾಯ್ ಅನುಮಾನಪಟ್ಟರು.

"ನೀವು ಮಾಡಿ ಭಾಯ್, ನಾನು ನೋಡ್ಕೋತೀನಿ."

ಈಗ ನನ್ನಲ್ಲಿ ಬೇಗ ಖಾಲಿಯಾಗುವ ಸಾಮಾನು ಅದೇ. ಜನ ಹಳೇ ಡ್ರಾಯರಿಗೆ ಹಾಕಿಕೊಳ್ಳಲು ಆರೆಂಟು ಒಟ್ಟಿಗೆ ಒಯ್ಯುತ್ತಾರೆ. ದೊಡ್ಡ ಕಂಟೇನರ್ ಬೇಡ, ಸಣ್ಣ ಪೆಟ್ಟಿಗೆಯಲ್ಲಿ ವಿಮಾನದಲ್ಲೇ ಬರುತ್ತದೆ. ಗುಬುಟಿಗೆ ಜಾಗ ಬೇಡ, ಸೀಳುವುದಿಲ್ಲ, ಹೀಟರಿಗೂ ಹೆದರುವುದಿಲ್ಲ. ತೊಂದರೆ ಅಂದರೆ ಭಾಯ್ ಅವರ ಅಳತೆ. ಹಳದಿಯದು ಸ್ವಲ್ಪ ದಪ್ಪ, ಹಸಿರಿನದು ಸ್ವಲ್ಪ ಸಣ್ಣ. ಕೈಕೆಲಸ ಅಂದರೆ ಹಾಗೇ ಅಂತ ಗಿರಾಕಿಗಳು ಒಪ್ಪುತ್ತಾರೆ, ಆದರೆ ಒಳಗಿನ ಸ್ಕ್ರೂ ತೂತು ಮಾತ್ರ ಒಂದೇ ಅಳತೆ ಇರಲೇಬೇಕು. ಅದಕ್ಕೆ ಇಲ್ಲಿಂದಲೇ ಒಂದು ಪೆಟ್ಟಿಗೆ ಸ್ಕ್ರೂ ಒಯ್ದು ಅವರಿಗೆ ಕೊಟ್ಟು ಬಂದಿದ್ದೇನೆ. ಪ್ರತಿ ಗುಬುಟಿಗೂ ಒಂದು ಸ್ಕ್ರೂ ತಿರುಗಿಸಿ ನೋಡಿ, ಬಿಚ್ಚಿ, ಆಮೇಲೆ ಪ್ಯಾಕ್ ಮಾಡುತ್ತಾರೆ.

ದೊಡ್ಡ ಸಾಮಾನಿನ ಮುಂದಿನ ಕಂಟೇನರ್ ಮಾರ್ಚಿನಲ್ಲಿ ತುಂಬಿಸುವ ಯೋಚನೆ ಇದೆ. ಆ ಹೊತ್ತಿಗೆ ಜೋಧಪುರದ ಚಳಿ ಹೋಗಿರುತ್ತದೆ, ಮಾಲು ಇಲ್ಲಿಗೆ ಬಂದು ಗೋದಾಮಿನಲ್ಲಿ ಒಂದಷ್ಟು ವಾರ ಇಲ್ಲಿನ ಹವೆಗೆ ಹೊಂದಿಕೊಳ್ಳಲು ಸಮಯವೂ ಸಿಗುತ್ತದೆ. ಹೊಂದಿಕೊಳ್ಳುವ ಮೊದಲೇ ಸೀಳು ಬಿಟ್ಟ ಪೀಸು ಗೋದಾಮಿನಲ್ಲೇ ಉಳಿಯುತ್ತದೆ. ಗಿರಾಕಿಯ ಮನೆಗೆ ಹೋಗುವ ಮೇಜಿನ ಅಡಿಗೆ ಒಂದು ಚೀಟಿ ಅಂಟಿಸುತ್ತೇನೆ: ಹೀಟರಿನ ಜಾಲರಿಯಿಂದ ಒಂದು ಮೀಟರ್ ದೂರ ಇಡಿ.